ಪರದೆಯ ಮೇಲಿನ ಹಸಿರು ಚುಕ್ಕೆ: ಕ್ಯಾಮೆರಾ ಮತ್ತು ಮೈಕ್ ಸೂಚಕಗಳ ಬಗ್ಗೆ ವರ್ತಕರು ತಿಳಿದಿರಬೇಕಾದ ಸಂಗತಿಗಳು

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲೂಕುಗಳ ವ್ಯಾಪಾರ ವಹಿವಾಟಿನಲ್ಲಿ ಮೊಬೈಲ್ ಫೋನು ಇಂದು ಗಲ್ಲಾಪೆಟ್ಟಿಗೆಯಷ್ಟೇ ಅನಿವಾರ್ಯವಾದ ಸಾಧನವಾಗಿದೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಸಾಮಗ್ರಿ ಪೂರೈಸುವವರು ದರಪಟ್ಟಿಯನ್ನು ಫೋನಿನಲ್ಲೇ ಕಳುಹಿಸುತ್ತಾರೆ. ಮುಂಡಗೋಡದ ಗೋವಿನಜೋಳ ಮತ್ತು ಶುಂಠಿ ವ್ಯಾಪಾರಿಗಳು ದಿನದ ಧಾರಣೆಯನ್ನು ಅದರಲ್ಲೇ ಮಾತನಾಡಿ ನಿಶ್ಚಯಿಸುತ್ತಾರೆ. ಗಣೇಶಗುಡಿ ಮತ್ತು ಜೋಯಿಡಾ ಭಾಗದ ಹೋಂಸ್ಟೇ ಮಾಲೀಕರು ಕೋಣೆಗಳ ಕಾಯ್ದಿರಿಸುವಿಕೆ, ಮುಂಗಡ ಹಣ, ಅತಿಥಿಗಳ ಗುರುತಿನ ಚೀಟಿ ಎಲ್ಲವನ್ನೂ ಅದೇ ಸಾಧನದ ಮೂಲಕ ನಿರ್ವಹಿಸುತ್ತಾರೆ. ಹೀಗೆ ಅಂಗಡಿಯಲ್ಲಿ ನಡೆಯುವ ಪ್ರತಿಯೊಂದು ಮಾತುಕತೆಯ ಸಮಯದಲ್ಲೂ ಒಂದು ಕ್ಯಾಮೆರಾ ಮತ್ತು ಒಂದು ಮೈಕ್ ನಮ್ಮ ಕೈಯಳತೆಯಲ್ಲೇ ಇರುತ್ತವೆ.

ಇಂತಹ ಫೋನಿನ ಪರದೆಯ ಮೇಲ್ತುದಿಯಲ್ಲಿ ಆಗಾಗ ಹಸಿರು ಅಥವಾ ಕಿತ್ತಳೆ ಬಣ್ಣದ ಸಣ್ಣ ಚುಕ್ಕೆಯೊಂದು ಕಾಣಿಸಿಕೊಳ್ಳುವುದನ್ನು ಬಹುತೇಕ ಸದಸ್ಯರು ಗಮನಿಸಿರಬಹುದು. ಕೆಲವರು ಇದನ್ನು ನೆಟ್‌ವರ್ಕಿನ ಗುರುತೆಂದು ತಿಳಿದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಫೋನು ಕೆಟ್ಟಿದೆಯೆಂದು ದುರಸ್ತಿ ಅಂಗಡಿಗೆ ಒಯ್ಯುತ್ತಾರೆ. ವಾಸ್ತವದಲ್ಲಿ ಆ ಚುಕ್ಕೆಯು ಯಾವುದೋ ಒಂದು ಆ್ಯಪ್ ಆ ಕ್ಷಣದಲ್ಲಿ ಕ್ಯಾಮೆರಾವನ್ನಾಗಲಿ, ಮೈಕನ್ನಾಗಲಿ ಬಳಸುತ್ತಿದೆ ಎಂಬುದರ ವರದಿ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ವರ್ತಕನಾದವನು ಅದನ್ನು ಹೇಗೆ ಉಪಯೋಗಿಸಿಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸೂಚಕ ಬಂದ ಬಗೆ

ಕ್ಯಾಮೆರಾ ಚಾಲೂ ಇರುವಾಗ ದೀಪ ಉರಿಯಬೇಕೆಂಬ ಕಲ್ಪನೆ ಮೊದಲು ಕಂಪ್ಯೂಟರುಗಳಲ್ಲಿ ಬಳಕೆಗೆ ಬಂದಿತು. ಲ್ಯಾಪ್‌ಟಾಪಿನ ಕ್ಯಾಮೆರಾದ ಪಕ್ಕದಲ್ಲಿರುವ ಪುಟ್ಟ ದೀಪವನ್ನು ನಾವೆಲ್ಲರೂ ನೋಡಿದ್ದೇವೆ. ಮೊಬೈಲ್ ಫೋನುಗಳಲ್ಲಿ ಈ ವ್ಯವಸ್ಥೆ ಬಹಳ ತಡವಾಗಿ ಬಂದಿತು. ಆ್ಯಪಲ್ ಸಂಸ್ಥೆಯು 2020ರ ಸೆಪ್ಟೆಂಬರಿನಲ್ಲಿ ಹೊರತಂದ ಐಓಎಸ್ 14 ಆವೃತ್ತಿಯಲ್ಲಿ ಇದನ್ನು ಅಳವಡಿಸಿತು. ಗೂಗಲ್ ಸಂಸ್ಥೆಯು 2021ರಲ್ಲಿ ಬಿಡುಗಡೆ ಮಾಡಿದ ಆಂಡ್ರಾಯ್ಡ್ 12 ಆವೃತ್ತಿಯಲ್ಲಿ ಇಂತಹದೇ ಸೂಚಕವನ್ನು ನೀಡಿತು. ಆದುದರಿಂದ ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹಿಂದಿನ ಆವೃತ್ತಿಯ ಫೋನು ಬಳಸುವವರಿಗೆ ಈ ಚುಕ್ಕೆ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಚುಕ್ಕೆ ಕಾಣಲಿಲ್ಲವೆಂದ ಮಾತ್ರಕ್ಕೆ ಅಂತಹ ಫೋನು ಸುರಕ್ಷಿತವೆಂದು ತಿಳಿಯುವಂತಿಲ್ಲ. ಅದರಲ್ಲಿ ವರದಿ ಕೊಡುವ ವ್ಯವಸ್ಥೆಯೇ ಇಲ್ಲ. ಅಂಗಡಿಯ ಕೆಲಸಕ್ಕೆಂದು ಹಳೆಯ ಫೋನನ್ನು ಗುಮಾಸ್ತರ ಕೈಗೆ ಕೊಟ್ಟಿರುವವರು, ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವವರು ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಕುರಿತು' ಎಂಬ ವಿಭಾಗವನ್ನು ತೆರೆದು ಆವೃತ್ತಿಯ ಸಂಖ್ಯೆಯನ್ನು ಮೊದಲು ಪರೀಕ್ಷಿಸಬೇಕು.

ಚುಕ್ಕೆಯನ್ನು ಓದುವ ಕ್ರಮ

ಐಫೋನಿನಲ್ಲಿ ಕಿತ್ತಳೆ ಚುಕ್ಕೆಯು ಮೈಕ್ ಬಳಕೆಯಲ್ಲಿದೆ ಎಂಬುದನ್ನೂ, ಹಸಿರು ಚುಕ್ಕೆಯು ಕ್ಯಾಮೆರಾ ಅಥವಾ ಕ್ಯಾಮೆರಾ ಹಾಗೂ ಮೈಕ್ ಎರಡೂ ಬಳಕೆಯಲ್ಲಿವೆ ಎಂಬುದನ್ನೂ ಸೂಚಿಸುತ್ತದೆ. ಮೇಲಿನ ಬಲ ಮೂಲೆಯಿಂದ ಪರದೆಯನ್ನು ಕೆಳಕ್ಕೆಳೆದರೆ, ಬಳಸುತ್ತಿರುವ ಅಥವಾ ಸ್ವಲ್ಪ ಮುಂಚೆ ಬಳಸಿದ ಆ್ಯಪಿನ ಹೆಸರು ತೋರುತ್ತದೆ. ಬಟನ್ ಇರುವ ಹಳೆಯ ಮಾದರಿಗಳಲ್ಲಿ ಕೆಳಗಿನಿಂದ ಮೇಲಕ್ಕೆಳೆಯಬೇಕು.

ಆಂಡ್ರಾಯ್ಡ್ ಫೋನುಗಳಲ್ಲಿ ಎರಡಕ್ಕೂ ಹಸಿರು ಬಣ್ಣವೇ ಬಳಕೆಯಲ್ಲಿದೆ. ಮೊದಲು ಕ್ಯಾಮೆರಾ ಅಥವಾ ಮೈಕಿನ ಪುಟ್ಟ ಚಿತ್ರ ಬಲಭಾಗದ ಮೇಲ್ತುದಿಯಲ್ಲಿ ಮೂಡಿ, ಕೆಲವು ಕ್ಷಣಗಳಲ್ಲಿ ಅದು ಚುಕ್ಕೆಯಾಗಿ ಕುಗ್ಗುತ್ತದೆ. ಪರದೆಯನ್ನು ಮೇಲಿನಿಂದ ಕೆಳಕ್ಕೆಳೆದು ಆ ಗುರುತನ್ನು ಒತ್ತಿದರೆ, ಯಾವ ಆ್ಯಪ್ ಯಾವುದನ್ನು ಬಳಸುತ್ತಿದೆ ಎಂಬ ವಿವರ ದೊರೆಯುತ್ತದೆ. ಅಲ್ಲಿಂದಲೇ ಅದರ ಅನುಮತಿಯನ್ನು ಹಿಂಪಡೆಯಲೂ ಸಾಧ್ಯ.

ಚುಕ್ಕೆ ಕಂಡೊಡನೆ ಗಾಬರಿಯಾಗಬೇಕಿಲ್ಲ. ಪಾವತಿಗಾಗಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವಾಗ, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸುವಾಗ, ವಿಡಿಯೋ ಕರೆಯಲ್ಲಿ ಮಾಲು ತೋರಿಸುವಾಗ ಅದು ಮೂಡಲೇಬೇಕು. ನಾವು ಮಾಡುತ್ತಿರುವ ಕೆಲಸಕ್ಕೂ ಚುಕ್ಕೆಗೂ ಸಂಬಂಧ ಕೂಡಿಬಾರದಿದ್ದಾಗ ಮಾತ್ರ ವಿಚಾರಿಸಬೇಕು. ಲೆಕ್ಕದ ಆ್ಯಪಿನಲ್ಲಿ ಬಾಕಿ ಪಟ್ಟಿ ನೋಡುತ್ತಿರುವಾಗ ಮೈಕಿನ ಗುರುತು ಮೂಡಿದರೆ, ಅಥವಾ ಕರೆ ಮುಗಿದ ಮೇಲೂ ಹಸಿರು ಚುಕ್ಕೆ ಆರದಿದ್ದರೆ, ಕೂಡಲೇ ಹೆಸರು ನೋಡತಕ್ಕದ್ದು.

ದಿನದ ಕಿರ್ದಿಯಂತೆ ಒಂದು ದಾಖಲೆ

ಅಂಗಡಿಯ ಗದ್ದಲದಲ್ಲಿ ಪರದೆಯ ಮೂಲೆಯನ್ನೇ ನೋಡುತ್ತ ಕೂರುವುದು ಯಾರಿಗೂ ಸಾಧ್ಯವಿಲ್ಲ. ಇದಕ್ಕಾಗಿಯೇ ಆಂಡ್ರಾಯ್ಡ್ 12 ಹಾಗೂ ನಂತರದ ಫೋನುಗಳಲ್ಲಿ 'ಗೌಪ್ಯತೆ ಡ್ಯಾಶ್‌ಬೋರ್ಡ್' ಎಂಬ ದಾಖಲೆ ಇದೆ. ಸೆಟ್ಟಿಂಗ್ಸ್‌ನ ಗೌಪ್ಯತೆ ವಿಭಾಗದಲ್ಲಿ ಇದನ್ನು ಕಾಣಬಹುದು. ಕಳೆದ 24 ಗಂಟೆಗಳಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಕ್ಯಾಮೆರಾ, ಮೈಕ್ ಮತ್ತು ಸ್ಥಳದ ಮಾಹಿತಿಯನ್ನು ಪಡೆದಿದೆ ಎಂಬುದು ಅಲ್ಲಿ ಸಮಯ ಸಮೇತ ನಮೂದಾಗಿರುತ್ತದೆ. ಐಫೋನಿನಲ್ಲಿ 2021ರ ಡಿಸೆಂಬರಿನಿಂದ 'ಆ್ಯಪ್ ಪ್ರೈವಸಿ ರಿಪೋರ್ಟ್' ಎಂಬ ಸೌಲಭ್ಯವಿದ್ದು, ಅದನ್ನು ಒಮ್ಮೆ ಚಾಲೂ ಮಾಡಿದರೆ ಏಳು ದಿನಗಳ ವಿವರ ಲಭಿಸುತ್ತದೆ.

ರಾತ್ರಿ ಅಂಗಡಿ ಮುಚ್ಚುವ ಮುನ್ನ ಕಿರ್ದಿಯಲ್ಲಿ ಜಮಾ ಖರ್ಚು ತಾಳೆ ನೋಡುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಅದೇ ಹೊತ್ತಿನಲ್ಲಿ ಎರಡು ನಿಮಿಷ ಈ ದಾಖಲೆಯನ್ನೂ ಓದುವ ರೂಢಿ ಮಾಡಿಕೊಂಡರೆ ಅನುಮಾನಾಸ್ಪದ ಬಳಕೆ ತಾನಾಗಿ ಕಣ್ಣಿಗೆ ಬೀಳುತ್ತದೆ. ನಾವು ನಿದ್ರಿಸುತ್ತಿದ್ದ ವೇಳೆಯಲ್ಲಿ ಮೈಕ್ ಬಳಸಿದ ಆ್ಯಪ್ ಯಾವುದು? ಟಾರ್ಚ್ ಆ್ಯಪಿಗೆ ಮೈಕಿನ ಅಗತ್ಯವೇನಿತ್ತು? ಇಂತಹ ಪ್ರಶ್ನೆಗಳು ಅಲ್ಲಿಯೇ ಹುಟ್ಟುತ್ತವೆ.

ಆದರೆ ದಾಖಲೆಯಲ್ಲಿ ಕಂಡದ್ದೆಲ್ಲವೂ ಅಪರಾಧದ ಸಾಕ್ಷ್ಯವೆಂದು ಭಾವಿಸಬಾರದು. 2023ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯ ಇಂಜಿನಿಯರೊಬ್ಬರು, ತಾವು ಮಲಗಿದ್ದಾಗ ವಾಟ್ಸ್‌ಆ್ಯಪ್ ಮೈಕನ್ನು ಬಳಸಿದೆಯೆಂದು ಈ ದಾಖಲೆಯ ಚಿತ್ರ ಸಮೇತ ಪ್ರಕಟಿಸಿದಾಗ ಜಗತ್ತಿನಾದ್ಯಂತ ಚರ್ಚೆಯಾಯಿತು. ಕೇಂದ್ರ ಸರಕಾರದ ಅಂದಿನ ಮಾಹಿತಿ ತಂತ್ರಜ್ಞಾನ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ಅವರು ಪರಿಶೀಲನೆ ನಡೆಸುವುದಾಗಿ ತಿಳಿಸಿದರು. ಆಂಡ್ರಾಯ್ಡ್‌ನಲ್ಲಿದ್ದ ದೋಷದಿಂದ ತಪ್ಪು ನಮೂದು ಬಂದಿದೆಯೆಂದು ವಾಟ್ಸ್‌ಆ್ಯಪ್ ಹೇಳಿತು; ಮರುತಿಂಗಳು ಗೂಗಲ್ ಸಂಸ್ಥೆಯು ದೋಷವನ್ನು ಒಪ್ಪಿಕೊಂಡು ತಿದ್ದುಪಡಿ ನೀಡಿತು. ವರದಿ ಕೊಡುವ ತಂತ್ರಾಂಶವೂ ತಪ್ಪಬಹುದು ಎಂಬುದಕ್ಕೆ ಇದು ನಿದರ್ಶನ. ಆದ್ದರಿಂದ ಸಂಶಯ ಬಂದಾಗ ಅನುಮತಿಯನ್ನು ಹಿಂಪಡೆದು, ಎರಡು ಮೂರು ದಿನ ದಾಖಲೆಯನ್ನು ಗಮನಿಸಿ, ನಂತರ ತೀರ್ಮಾನಕ್ಕೆ ಬರುವುದು ಉಚಿತ.

ಅನುಮತಿ ಕೊಡುವವರು ನಾವೇ

ಚುಕ್ಕೆ ಕೇವಲ ವರದಿಗಾರ. ಬಾಗಿಲಿನ ಕೀಲಿಕೈ ಇರುವುದು ಅನುಮತಿಯಲ್ಲಿ. ಆ್ಯಪನ್ನು ಅಳವಡಿಸುವಾಗ ಮೂಡುವ ಪ್ರಶ್ನೆಗಳಿಗೆ ಓದದೆಯೇ 'ಅನುಮತಿಸಿ' ಎಂದು ಒತ್ತುವ ಅಭ್ಯಾಸವೇ ಹೆಚ್ಚಿನ ತೊಂದರೆಗಳ ಮೂಲ. ಈ ಕೆಳಗಿನ ಅಂಶಗಳನ್ನು ಸದಸ್ಯರು ಗಮನದಲ್ಲಿಡಬಹುದು.

1. ಯುಪಿಐ ಪಾವತಿ ಆ್ಯಪ್: ಕ್ಯೂಆರ್ ಕೋಡ್ ಓದಲು ಕ್ಯಾಮೆರಾ ಬೇಕು. ಹಣ ಸ್ವೀಕರಿಸಲು ಅಥವಾ ಕಳುಹಿಸಲು ಮೈಕ್ ಬೇಕಿಲ್ಲ.

2. ಉದ್ರಿ ಲೆಕ್ಕ ಅಥವಾ ಬಿಲ್ಲು ತಯಾರಿಸುವ ಆ್ಯಪ್: ಬಿಲ್ಲಿನ ಚಿತ್ರ ತೆಗೆಯಲು ಕ್ಯಾಮೆರಾ ಕೇಳಬಹುದು. ಧ್ವನಿಯಿಂದ ನಮೂದು ಮಾಡುವವರಿಗೆ ಮಾತ್ರ ಮೈಕ್ ಬೇಕಾಗುತ್ತದೆ.

3. ಸಿಸಿಟಿವಿ ನೋಡುವ ಆ್ಯಪ್: ದೃಶ್ಯ ನೋಡಲು ಫೋನಿನ ಮೈಕಿನ ಅಗತ್ಯವಿಲ್ಲ. ಅಂಗಡಿಯಲ್ಲಿರುವವರೊಡನೆ ಅದರ ಮೂಲಕ ಮಾತನಾಡುವ ಸೌಲಭ್ಯವನ್ನು ಬಳಸುವವರು ಮಾತ್ರ ಕೊಡಬೇಕು.

4. ಟಾರ್ಚ್, ಕ್ಯಾಲ್ಕುಲೇಟರ್, ಪಂಚಾಂಗ, ಧಾರಣೆ ತಿಳಿಸುವ ಆ್ಯಪ್‌ಗಳು: ಇವುಗಳಿಗೆ ಮೈಕ್ ಕೊಡಲು ಕಾರಣವೇ ಇಲ್ಲ. ಕೇಳಿದರೆ ನಿರಾಕರಿಸಬೇಕು.

ಅನುಮತಿ ಕೊಡಲೇಬೇಕಾದಲ್ಲಿ 'ಈ ಬಾರಿ ಮಾತ್ರ' ಅಥವಾ 'ಆ್ಯಪ್ ಬಳಸುವಾಗ ಮಾತ್ರ' ಎಂಬ ಆಯ್ಕೆ ಸೂಕ್ತ. ಬಹುತೇಕ ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಎಲ್ಲ ಆ್ಯಪ್‌ಗಳಿಗೂ ಒಮ್ಮೆಗೇ ಕ್ಯಾಮೆರಾ ಮತ್ತು ಮೈಕ್ ನಿಲ್ಲಿಸುವ ಗುಂಡಿಗಳೂ ಇವೆ. ಮುಖ್ಯವಾದ ಒಪ್ಪಂದದ ಮಾತುಕತೆಗೆ ಕುಳಿತಾಗ, ಟೆಂಡರ್ ಅಥವಾ ಟಿಂಬರ್ ಡಿಪೋ ಹರಾಜಿನ ಬಿಡ್ ಮೊತ್ತವನ್ನು ಪಾಲುದಾರರೊಡನೆ ನಿಶ್ಚಯಿಸುವಾಗ ಇವನ್ನು ಒತ್ತಿ ಬಂದ್ ಮಾಡಿಡಬಹುದು.

ಸಾಲ ಕೊಡುವ ಆ್ಯಪ್‌ಗಳ ವಿಷಯ

ಹಂಗಾಮಿನ ಖರೀದಿಗೆ ತುರ್ತು ಹಣ ಬೇಕಾದಾಗ ಸಣ್ಣ ವ್ಯಾಪಾರಿಗಳು ಮೊಬೈಲ್ ಸಾಲದ ಆ್ಯಪ್‌ಗಳತ್ತ ಹೋಗುವುದುಂಟು. ಇಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟವಾಗಿದೆ. 2022ರ ಸೆಪ್ಟೆಂಬರ್ 2ರಂದು ಹೊರಡಿಸಿದ ಡಿಜಿಟಲ್ ಸಾಲದ ಮಾರ್ಗಸೂಚಿಗಳ ಪ್ರಕಾರ ಸಾಲದ ಆ್ಯಪ್‌ಗಳು ಗ್ರಾಹಕರ ಫೋನಿನಲ್ಲಿರುವ ಕಡತ, ಚಿತ್ರ, ಸಂಪರ್ಕ ಪಟ್ಟಿ, ಕರೆಗಳ ವಿವರ ಇವನ್ನು ಮುಟ್ಟಕೂಡದು. ಕ್ಯಾಮೆರಾ, ಮೈಕ್ ಮತ್ತು ಸ್ಥಳದ ಮಾಹಿತಿಯನ್ನು ಗ್ರಾಹಕರ ಪರಿಚಯ ದಾಖಲೆಗಾಗಿ, ಸ್ಪಷ್ಟ ಒಪ್ಪಿಗೆ ಪಡೆದು, ಒಂದು ಬಾರಿ ಮಾತ್ರ ಬಳಸಬಹುದು. 2025ರ ಮೇ ತಿಂಗಳಲ್ಲಿ ಹೊರಬಂದ ಕ್ರೋಡೀಕೃತ ನಿರ್ದೇಶನಗಳಲ್ಲೂ ಈ ನಿರ್ಬಂಧವನ್ನು ಉಳಿಸಿಕೊಳ್ಳಲಾಗಿದೆ.

ಆದುದರಿಂದ ಸಾಲ ಮಂಜೂರಾದ ಬಳಿಕವೂ ಅಂತಹ ಆ್ಯಪಿನ ಹೆಸರು ದಾಖಲೆಯಲ್ಲಿ ಕ್ಯಾಮೆರಾ ಅಥವಾ ಮೈಕಿನ ಮುಂದೆ ಮತ್ತೆ ಮತ್ತೆ ಕಂಡುಬಂದರೆ, ಅದು ವಿಚಾರಿಸತಕ್ಕ ಸಂಗತಿ. ಕಂಡ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಸಾಲ ನೀಡಿದ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ದೂರು ಸಲ್ಲಿಸಬಹುದು. ಚುಕ್ಕೆಯ ವರದಿ ಇಲ್ಲಿ ವರ್ತಕನ ಕೈಗೆ ಒಂದು ದಾಖಲೆಯನ್ನು ಒದಗಿಸುತ್ತದೆ.

ಚುಕ್ಕೆ ಹೇಳದ ಸಂಗತಿಗಳು

ಮೊದಲನೆಯದಾಗಿ, ಬಳಕೆಯ ಉದ್ದೇಶವನ್ನು ಚುಕ್ಕೆ ಹೇಳುವುದಿಲ್ಲ. ಧ್ವನಿ ಮುದ್ರಣವಾಯಿತೇ, ಎಲ್ಲಿಗೆ ಹೋಯಿತು, ಎಷ್ಟು ಕಾಲ ಉಳಿಯಿತು ಎಂಬುದು ಅದರ ವ್ಯಾಪ್ತಿಗೆ ಹೊರತು. ಜೋಯಿಡಾದ ಕಾಡಂಚಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದ ಕಡೆ ಮುದ್ರಿಸಿದ್ದು ಹೊರಗೆ ಹೋಗಲಾರದೆಂಬ ಭಾವನೆ ಸರಿಯಲ್ಲ. ಮುದ್ರಿತವಾದದ್ದು ಫೋನಿನಲ್ಲೇ ಉಳಿದು, ದಾಂಡೇಲಿ ಪೇಟೆಗೆ ಬಂದು ಸಿಗ್ನಲ್ ದೊರೆತಾಗ ಸಾಗಬಹುದು. ಆ ಸಮಯದಲ್ಲಿ ಚುಕ್ಕೆ ಉರಿಯುವುದಿಲ್ಲ.

ಎರಡನೆಯದಾಗಿ, ಎದುರಿನವರು ನಮ್ಮ ಮಾತನ್ನು ಮುದ್ರಿಸಿಕೊಂಡರೆ ನಮ್ಮ ಚುಕ್ಕೆಗೆ ಅದು ತಿಳಿಯುವುದಿಲ್ಲ. ಅವರ ಫೋನಿನ ವರದಿ ಅವರ ಪರದೆಗಷ್ಟೇ ಸೀಮಿತ.

ಮೂರನೆಯದಾಗಿ, ಪರದೆ ಹಂಚಿಕೆ ಬೇರೆಯೇ ವಿಷಯ. ಎನಿಡೆಸ್ಕ್‌ನಂತಹ ಆ್ಯಪ್‌ಗಳ ಮೂಲಕ ದೂರದಲ್ಲಿರುವವರಿಗೆ ನಮ್ಮ ಪರದೆಯನ್ನು ತೋರಿಸುವಾಗ ಕ್ಯಾಮೆರಾವೂ ಮೈಕೂ ಬಳಕೆಯಾಗಬೇಕೆಂದಿಲ್ಲ. ಇಂತಹ ಆ್ಯಪ್ ಬಳಸಿ ಖಾತೆಯಿಂದ ಹಣ ಲಪಟಾಯಿಸುವ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಅಮೆರಿಕೆಯ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,260 ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಜಾಹೀರಾತಿಗಾಗಿ ಫೋನು ಗುಟ್ಟಾಗಿ ಮಾತು ಕೇಳಿಸಿಕೊಳ್ಳುತ್ತದೆ ಎಂಬ ಜನಜನಿತ ನಂಬಿಕೆಗೆ ಅವರಿಗೆ ಪುರಾವೆ ಸಿಗಲಿಲ್ಲ. ಆದರೆ ಕೆಲವು ಆ್ಯಪ್‌ಗಳು ಪರದೆಯ ಮೇಲಿನ ದೃಶ್ಯವನ್ನೇ ಹೊರಗಿನವರಿಗೆ ಕಳುಹಿಸುತ್ತಿದ್ದುದು ಕಂಡುಬಂದಿತು.

ನಾಲ್ಕನೆಯದಾಗಿ, ಹೆಚ್ಚಿನ ಫೋನುಗಳಲ್ಲಿ ಈ ಚುಕ್ಕೆ ಪ್ರತ್ಯೇಕ ದೀಪವಾಗಿರದೆ ತಂತ್ರಾಂಶ ಬಿಡಿಸುವ ಚಿತ್ರವಾಗಿರುತ್ತದೆ. ಫೋನಿನ ಮೂಲ ವ್ಯವಸ್ಥೆಯನ್ನೇ ವಶಪಡಿಸಿಕೊಳ್ಳುವ ಬೇಹುಗಾರಿಕಾ ತಂತ್ರಾಂಶಗಳ ಎದುರು ಅದನ್ನು ಪೂರ್ತಿ ನಂಬಲಾಗದು. 2021ರ ಪೆಗಾಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತ್ತು. ಪರೀಕ್ಷಿಸಲಾದ 29 ಫೋನುಗಳ ಪೈಕಿ 5ರಲ್ಲಿ ಯಾವುದೋ ಹಾನಿಕಾರಕ ತಂತ್ರಾಂಶ ಕಂಡುಬಂದಿದೆ, ಆದರೆ ಅದು ಪೆಗಾಸಸ್ ಎಂದು ಖಚಿತವಾಗಿ ಹೇಳಲಾಗದು ಎಂದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯ ತಿಳಿಸಿತು. ಅಂತಹ ದುಬಾರಿ ಸಾಧನಗಳು ಸಾಮಾನ್ಯ ವರ್ತಕನ ಫೋನಿನತ್ತ ತಿರುಗುವ ಸಂಭವ ಕಡಿಮೆ. ಮದುವೆಯ ಕರೆಯೋಲೆ, ವಾಹನ ದಂಡದ ಚಲನ್ ಮುಂತಾದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತಗಳೇ ನಮ್ಮಂತಹವರಿಗೆ ನಿಜವಾದ ಅಪಾಯ. ಅವನ್ನು ಎಂದಿಗೂ ತೆರೆಯಕೂಡದು.

ಚುಕ್ಕೆ ಉರಿಯುತ್ತಿರುವಾಗಲೇ ನಡೆಯುವ ಮೋಸ

ನಮ್ಮ ಭಾಗದ ಅತಿ ದುಃಖಕರ ಪ್ರಸಂಗಗಳಲ್ಲಿ ಕ್ಯಾಮೆರಾವನ್ನು ಯಾರೂ ಗುಟ್ಟಾಗಿ ತೆರೆಯಲಿಲ್ಲ. ಮಾಲೀಕರೇ ಹೆದರಿ ತೆರೆದಿಟ್ಟಿದ್ದರು. ಪೊಲೀಸ್, ಸಿಬಿಐ ಅಥವಾ ದೂರಸಂಪರ್ಕ ಇಲಾಖೆಯ ಅಧಿಕಾರಿಗಳೆಂದು ಹೇಳಿಕೊಂಡು ವಿಡಿಯೋ ಕರೆ ಮಾಡುವ ವಂಚಕರು, ಕ್ಯಾಮೆರಾ ಬಂದ್ ಮಾಡಕೂಡದೆಂದು ಆಜ್ಞಾಪಿಸಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಜನರನ್ನು ಪರದೆಯ ಮುಂದೆ ಕೂರಿಸುತ್ತಾರೆ. ಇದಕ್ಕೆ 'ಡಿಜಿಟಲ್ ಅರೆಸ್ಟ್' ಎಂಬ ಹೆಸರು ಬಿದ್ದಿದೆ. 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್' ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಯವರು ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದಿದ್ದ ಇಂತಹ ಕರೆಯ ತುಣುಕನ್ನು ಕೇಳಿಸಿ, ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲವೆಂದು ದೇಶಕ್ಕೆ ತಿಳಿಸಿದರು. 2025ರ ಮಾರ್ಚ್‌ನಲ್ಲಿ ಹಳಿಯಾಳಕ್ಕೆ ಹೊಂದಿಕೊಂಡಿರುವ ಖಾನಾಪುರ ತಾಲೂಕಿನಲ್ಲಿ ವೃದ್ಧ ದಂಪತಿಯೊಬ್ಬರು ಇಂತಹ ವಂಚಕರ ಬೆದರಿಕೆಗೆ ಸಿಲುಕಿ 50 ಲಕ್ಷ ರೂಪಾಯಿಗೂ ಅಧಿಕ ಹಣವನ್ನು ಕಳೆದುಕೊಂಡು, ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು.

ಆ ಹೊತ್ತಿನಲ್ಲೆಲ್ಲ ಹಸಿರು ಚುಕ್ಕೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಕ್ಯಾಮೆರಾ ತೆರೆದಿದೆಯೆಂದು ಅದು ಹೇಳಬಲ್ಲದು. ಎದುರಿಗೆ ಕುಳಿತವನು ಕಳ್ಳನೆಂದು ಹೇಳಲಾರದು. ಅಪರಿಚಿತರ ವಿಡಿಯೋ ಕರೆಯಲ್ಲಿ ಆ ಚುಕ್ಕೆ ಕಂಡಾಗ ಕರೆಯನ್ನು ಕಡಿದುಹಾಕುವ ಅಧಿಕಾರ ಪೂರ್ತಿಯಾಗಿ ನಮ್ಮದು, ಹಾಗೆ ಮಾಡಿದರೆ ಯಾವ ಕಾನೂನೂ ಶಿಕ್ಷಿಸದು ಎಂಬ ಮಾತನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಕಾನೂನು ಮತ್ತು ನಮ್ಮ ಹೊಣೆ

ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಬಹುತೇಕ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳ ನಂತರ ಜಾರಿಗೆ ಬರಲಿವೆ. ದತ್ತಾಂಶದ ರಕ್ಷಣೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ.

ಈ ಕಾಯಿದೆ ದೊಡ್ಡ ಕಂಪನಿಗಳಿಗಷ್ಟೇ ಸಂಬಂಧಿಸಿದ್ದೆಂದು ಭಾವಿಸಬಾರದು. ಅತಿಥಿಗಳ ಗುರುತಿನ ಚೀಟಿಯ ಚಿತ್ರವನ್ನು ಫೋನಿನಲ್ಲಿಟ್ಟುಕೊಳ್ಳುವ ಹೋಂಸ್ಟೇ ಮಾಲೀಕರೂ, ಗ್ರಾಹಕರ ವಿಳಾಸ ಮತ್ತು ಬಾಕಿಯ ವಿವರಗಳನ್ನು ಆ್ಯಪಿನಲ್ಲಿ ಸಂಗ್ರಹಿಸುವ ಅಂಗಡಿಕಾರರೂ ಇತರರ ಮಾಹಿತಿಗೆ ಹೊಣೆಗಾರರಾಗುತ್ತಾರೆ. ನಮ್ಮ ಫೋನು ಸೋರಿದರೆ ನಮ್ಮ ಗುಟ್ಟಿನೊಡನೆ ನಮ್ಮನ್ನು ನಂಬಿದ ಗಿರಾಕಿಯ ಗುಟ್ಟೂ ಸೋರುತ್ತದೆ.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

1. ಅಂಗಡಿಯಲ್ಲಿ ಬಳಸುವ ಪ್ರತಿಯೊಂದು ಫೋನಿನ ಆವೃತ್ತಿಯನ್ನು ಬರೆದಿಟ್ಟುಕೊಳ್ಳುವುದು. ಸೂಚಕವಿಲ್ಲದ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ನಡೆಸದಿರುವುದು.

2. ಕ್ಯಾಮೆರಾ ಮತ್ತು ಮೈಕ್ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ, ಅನಗತ್ಯವಾದವನ್ನು ಹಿಂಪಡೆಯುವುದು.

3. ದಿನದ ಲೆಕ್ಕ ಮುಗಿಸುವಾಗ ಗೌಪ್ಯತೆಯ ದಾಖಲೆಯನ್ನು ಓದುವುದು.

4. ಚುಕ್ಕೆಯ ಅರ್ಥವನ್ನು ಗುಮಾಸ್ತರಿಗೂ ಮನೆಯವರಿಗೂ ತಿಳಿಸುವುದು. ಅನುಮಾನ ಬಂದಾಗ ಆ್ಯಪಿನ ಹೆಸರು ನೋಡಿ ಮಾಲೀಕರಿಗೆ ಹೇಳುವಂತೆ ಸೂಚಿಸುವುದು.

5. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಬಿಟ್ಟು ಬೇರೆಡೆಯಿಂದ ಬಂದ ಆ್ಯಪ್‌ಗಳನ್ನು ಅಳವಡಿಸದಿರುವುದು. ಫೋನಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು.

ಇವುಗಳಲ್ಲಿ ಯಾವುದಕ್ಕೂ ಹಣ ಖರ್ಚಾಗುವುದಿಲ್ಲ, ತಜ್ಞರ ನೆರವೂ ಬೇಕಿಲ್ಲ. ಇಂದು ಸಂಜೆ ಅಂಗಡಿಯ ಬಾಗಿಲು ಎಳೆಯುವ ಮುನ್ನ ಒಮ್ಮೆ ಸೆಟ್ಟಿಂಗ್ಸ್ ತೆರೆದು, ಮೈಕಿನ ಅನುಮತಿ ಎಷ್ಟು ಆ್ಯಪ್‌ಗಳ ಕೈಯಲ್ಲಿದೆ ಎಂಬುದನ್ನು ಎಣಿಸಿ ನೋಡಬೇಕೆಂದು ಸದಸ್ಯರಲ್ಲಿ ವಿನಂತಿ.